ಸಕ್ಕರೆ ಬಿಟ್ಟು ಜೋನಿಬೆಲ್ಲಕ್ಕೆ ಬಂದರೂ ಊಟದ ನಂತರ ಶುಗರ್ 246: ತಪ್ಪುತ್ತಿರುವುದು ಎಲ್ಲಿ?

ಗಜನಿಬದು (ಕುಮಟಾ)

ಆಯಿಗೆ (ಅಮ್ಮನಿಗೆ) 62 ವರ್ಷ, ತೂಕ 64 ಕಿಲೋ, ಶುಗರ್ ಬಂದು ಆರು ವರ್ಷ. ಮೆಟ್‌ಫಾರ್ಮಿನ್ 500 ದಿನಕ್ಕೆ ಎರಡು, ಬೆಳಿಗ್ಗೆ ಗ್ಲಿಮಿಪಿರೈಡ್ 1 ಮಿ.ಗ್ರಾಂ. ಮೂರು ತಿಂಗಳಿಂದ ಚಹಾಕ್ಕೆ ಸಕ್ಕರೆ ಪೂರ್ತಿ ಬಂದ್. ತೆಳ್ಳೇವಿಗೆ (ಅಕ್ಕಿಯ ತೆಳು ದೋಸೆ) ಸಕ್ಕರೆಯ ಬದಲು ಶಿರಸಿ ಕಡೆಯ ಜೋನಿಬೆಲ್ಲ (ನೀರುಬೆಲ್ಲ), ಬೆಳ್ತಿಗೆ ಅಕ್ಕಿಯ ಬದಲು ಕೆಂಪು ಕುಚ್ಚಲಕ್ಕಿ.

ಈ ವಾರದ ಲ್ಯಾಬ್ ವರದಿ: ಖಾಲಿಹೊಟ್ಟೆ 118, ಊಟವಾಗಿ ಎರಡು ತಾಸಿಗೆ 246, ಎಚ್‌ಬಿಎ1ಸಿ 8.1.

ದಿನಚರಿ ಹೀಗಿದೆ. ಬೆಳಿಗ್ಗೆ ತೆಳ್ಳೇವು ನಾಲ್ಕು, ಜೋನಿಬೆಲ್ಲ. ಹತ್ತೂವರೆಗೆ ಬೆಲ್ಲ ಹಾಕಿದ ಕಷಾಯ, ಒಂದು ಬಾಳೆಹಣ್ಣು. ಮಧ್ಯಾಹ್ನ ಅನ್ನ, ತಂಬುಳಿ, ಹುಳಿ, ಪಲ್ಯ ಸ್ವಲ್ಪ, ಮಜ್ಜಿಗೆ. ರಾತ್ರಿ ಗಂಜಿ, ಉಪ್ಪಿನಕಾಯಿ. ಮೀನು, ಮೊಟ್ಟೆ ಇಲ್ಲ. ತಿಂಗಳಿಗೆ ಎರಡು ಏಕಾದಶಿ ಉಪವಾಸ.

ಬೆಲ್ಲ, ಕುಚ್ಚಲಕ್ಕಿ ಎರಡೂ ಶುಗರ್ ಇದ್ದವರಿಗೆ ಒಳ್ಳೆಯದು ಎಂದೇ ಎಲ್ಲರೂ ಹೇಳಿದ್ದು. ಹಾಗಿದ್ದರೆ ಈ 246 ಬಂದದ್ದು ಎಲ್ಲಿಂದ?

ಸಟ್ಟುಗ (ಹೊನ್ನಾವರ)

ಖಾಲಿಹೊಟ್ಟೆಯ 118 ಚೆನ್ನಾಗಿಯೇ ಇದೆ, ಸಾಮಾನ್ಯ ಗುರಿ 80ರಿಂದ 130. ಎಚ್‌ಬಿಎ1ಸಿ 8.1 ಎಂದರೆ ಎರಡು ಮೂರು ತಿಂಗಳ ಸರಾಸರಿ ಸುಮಾರು 186. ಬೆಳಗಿನ ಲೆಕ್ಕ 118, ಸರಾಸರಿ 186 ಎಂದಾದರೆ ನಡುವಿನ ಅಂತರ ತುಂಬುತ್ತಿರುವುದು ಹಗಲಿನ ಊಟ ತಿಂಡಿ. ಹಾಗಾಗಿ ರಾತ್ರಿಯ ಗಂಜಿಯ ಮೇಲೆ ಈಗಲೇ ಯುದ್ಧ ಹೂಡುವುದು ಬೇಡ. ಮೊದಲು ಮಧ್ಯಾಹ್ನದ ಬಟ್ಟಲು ನೋಡಿ.

ಚಹಾದ ಸಕ್ಕರೆ ದಿನಕ್ಕೆ ಮೂರು ಚಮಚ ಇತ್ತು ಎಂದಿಟ್ಟುಕೊಂಡರೆ ಬಿಟ್ಟದ್ದು 15 ಗ್ರಾಂ. ಬೆಳ್ತಿಗೆಯಾಗಲಿ ಕುಚ್ಚಲಕ್ಕಿಯಾಗಲಿ, 100 ಗ್ರಾಂ ಅಕ್ಕಿಯಲ್ಲಿ 75ರಿಂದ 78 ಗ್ರಾಂ ಪಿಷ್ಟ. ತಂಬುಳಿಗೊಮ್ಮೆ, ಹುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಅನ್ನ ಬಡಿಸಿಕೊಂಡರೆ ಒಬ್ಬರ ಪಾಲಿಗೆ 150 ಗ್ರಾಂ ಅಕ್ಕಿ ಸುಲಭವಾಗಿ ಆಗುತ್ತದೆ. ಅಂದರೆ ಒಂದೇ ಊಟದಲ್ಲಿ 115 ಗ್ರಾಂ ಪಿಷ್ಟ, ಹೊಟ್ಟೆಯಲ್ಲಿ ಅದೆಲ್ಲ ಗ್ಲೂಕೋಸೇ. 15 ಉಳಿಸಿ 115 ಬಡಿಸಿಕೊಂಡಂತೆ.

ಕುಚ್ಚಲಕ್ಕಿಯ ಗುಣ ಸುಳ್ಳಲ್ಲ. ಭತ್ತವನ್ನು ಸಿಪ್ಪೆಯೊಂದಿಗೇ ಬೇಯಿಸಿ ಒಣಗಿಸುವಾಗ ಒಳಗಿನ ಪಿಷ್ಟ ಒಮ್ಮೆ ಮೆತ್ತಗಾಗಿ ಮತ್ತೆ ಗಟ್ಟಿಯಾಗುತ್ತದೆ, ಆಮೇಲೆ ನಿಧಾನವಾಗಿ ಕರಗುತ್ತದೆ. ಕೆಂಪು ತೌಡು ಉಳಿದಿದ್ದರೆ ನಾರು ಸಿಗುತ್ತದೆ. ನಿಮ್ಮ ಕಡೆಯ ಗಜನಿ ಗದ್ದೆಯ (ಉಪ್ಪುನೀರು ನುಗ್ಗುವ ಗದ್ದೆ) ಕಗ್ಗ ಅಕ್ಕಿಗೂ ಇದೇ ಮಾತು. ಆದರೆ ಏರುವ ವೇಗ ಕಡಿಮೆಯಾಗುತ್ತದೆಯೇ ಹೊರತು ಪಿಷ್ಟದ ತೂಕ ಕಡಿಮೆಯಾಗುವುದಿಲ್ಲ. ಜೊತೆಗೆ ಕಾಳು ಒಡೆದು ಬಾಯಿ ಬಿಡುವವರೆಗೆ ಕುಕ್ಕರಿನಲ್ಲಿ ಕೂಗಿಸಿದರೆ ಆ ನಿಧಾನದ ಗುಣವೂ ಅರ್ಧ ಹೋಯಿತು. ಕಾಳು ಇಡಿಯಾಗಿ ಉಳಿಯಬೇಕು, ಬಸಿದ ಅನ್ನವೇ ಸರಿ. ಕೊಳ್ಳುವಾಗ ಅಕ್ಕಿಯನ್ನು ಅಂಗೈಮೇಲೆ ಹಾಕಿ ನೋಡಿ: ಕೆಂಪು ಗೆರೆ ಅಲ್ಲಲ್ಲಿ ಮಾತ್ರ ಉಳಿದಿದ್ದರೆ ಅದು ಪಾಲಿಷ್ ಮಾಡಿದ್ದು, ಹೆಸರಿಗೆ ಮಾತ್ರ ಕೆಂಪಕ್ಕಿ.

ಮಾಡಬೇಕಾದ್ದು ಇಷ್ಟು. ಆಯಿಯ ಮಧ್ಯಾಹ್ನದ ಅಕ್ಕಿ 60 ಗ್ರಾಂ ತೂಗಿ ಬೇರೆಯೇ ಪಾತ್ರೆಯಲ್ಲಿ ಬೇಯಿಸಿ. ಅನ್ನವಾದ ಮೇಲೆ ಸುಮಾರು 170–180 ಗ್ರಾಂ ಬರುತ್ತದೆ, ಪಿಷ್ಟ 46–47 ಗ್ರಾಂ. ಆ ಅನ್ನ ಯಾವ ಬಟ್ಟಲಿಗೆ ಎಷ್ಟು ಹಿಡಿಯಿತು ಎಂದು ಒಮ್ಮೆ ನೋಡಿಟ್ಟುಕೊಂಡರೆ ಮರುದಿನದಿಂದ ತಕ್ಕಡಿ ಬೇಡ. ಕಣ್ಣಂದಾಜಿನ ಸಟ್ಟುಗ ಮಾತ್ರ ಬೇಡವೇ ಬೇಡ, ನಾಲ್ಕನೇ ದಿನಕ್ಕೆ ಅದು ದೊಡ್ಡದಾಗಿರುತ್ತದೆ.

ಕಡಿಮೆಯಾದ ಅನ್ನದ ಜಾಗಕ್ಕೆ ಪಲ್ಯ ಬರಬೇಕು. ಈಗಿನ "ಪಲ್ಯ ಸ್ವಲ್ಪ" ಸಾಲದು, ಎರಡು ಬಟ್ಟಲು ತುಂಬ ಬೇಕು: ಹರಿವೆ, ಬಸಳೆ, ತೊಂಡೆ, ಹಾಗಲ, ಮೊಗೆಕಾಯಿ, ಬಾಳೆದಿಂಡು, ಯಾವುದೂ ಆಗಬಹುದು. ಬಾಳೆಕಾಯಿ, ಗೆಣಸು, ಕೆಸುವಿನ ಗಡ್ಡೆ, ಹಲಸಿನ ಬೀಜ ಪಲ್ಯದ ವೇಷದಲ್ಲಿರುವ ಅನ್ನ, ಅವು ಬಂದ ದಿನ ಅಷ್ಟು ಅನ್ನ ಕಡಿಮೆ. ಹೆಸರುಬೇಳೆ ಕೋಸಂಬರಿ ಒಳ್ಳೆಯದು, 30 ಗ್ರಾಂ ಬೇಳೆಗೆ 7 ಗ್ರಾಂ ಪ್ರೋಟೀನ್, ಆದರೆ 18 ಗ್ರಾಂ ಪಿಷ್ಟವೂ ಇದೆ.

ಇನ್ನು ಊಟದ ಕ್ರಮ. ಪಲ್ಯ, ಕೋಸಂಬರಿ ಮೊದಲು ತಿಂದು ಮುಗಿಸಿ, ಹತ್ತು ನಿಮಿಷ ಬಿಟ್ಟು ಅನ್ನ. ಅದೇ ಊಟ, ಅದೇ ಅನ್ನ, ಏರಿಕೆ ಮಾತ್ರ ಕಡಿಮೆ. ನಮ್ಮ ಪಂಕ್ತಿಯಲ್ಲಿ ಎಲೆಯ ತುದಿಯಲ್ಲಿ ಮೊದಲು ಬಡಿಸುವುದು ಪಲ್ಯ ಕೋಸಂಬರಿಯನ್ನೇ. ಅನ್ನ ಬರುವವರೆಗೆ ಕಾಯುತ್ತೇವೆ ನೋಡಿ, ಅಲ್ಲೇ ಎಡವಟ್ಟು.

ಊಟದ ಮೇಲೆ 15 ನಿಮಿಷ ನಡಿಗೆ. ಮಳೆಯಿದ್ದರೆ ಜಗಲಿಯ ಮೇಲೇ ಆಚೆ ಈಚೆ.

ಆಲೆಮನೆಕಟ್ಟೆ (ಶಿರಸಿ)

ಜೋನಿಬೆಲ್ಲದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಬೆಲ್ಲವನ್ನು ಔಷಧ ಮಾಡಬೇಡಿ ಮಾರಾಯ್ರೆ, ಅದು ಬೆಲ್ಲ.

ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವಾಗ ಅಚ್ಚುಬೆಲ್ಲಕ್ಕೆ ಪಾಕ ಸುಮಾರು 118 ಡಿಗ್ರಿಯವರೆಗೆ ಏರಬೇಕು. ಜೋನಿಯನ್ನು 105–106ರ ಆಸುಪಾಸಿನಲ್ಲೇ ಇಳಿಸುತ್ತಾರೆ. ಹಾಗಾಗಿ ಅದರಲ್ಲಿ ಮೂರನೇ ಒಂದು ಪಾಲು ನೀರು ಉಳಿದಿರುತ್ತದೆ, ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಸಕ್ಕರೆಯೇ. ಕಬ್ಬಿನ ಹಾಲಿನ ಹುಳಿ ಗುಣಕ್ಕೆ, ಬೆಂಕಿಯ ಬಿಸಿಗೆ ಸಕ್ಕರೆಯ ಒಂದು ಭಾಗ ಅಲ್ಲೇ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತದೆ. ಜೋನಿ ಬೇಗ ಹರಳುಗಟ್ಟದಿರುವುದು ಅದರಿಂದಲೇ. ಒಡೆದ ಗ್ಲೂಕೋಸಿಗೆ ಹೊಟ್ಟೆಯಲ್ಲಿ ಮತ್ತೆ ಒಡೆಯುವ ಕೆಲಸವೂ ಇಲ್ಲ, ನೇರ ರಕ್ತಕ್ಕೆ.

ಒಂದು ದೊಡ್ಡ ಚಮಚ ಜೋನಿ 20 ಗ್ರಾಂ ತೂಗಿದರೆ ಅದರಲ್ಲಿ 13 ಗ್ರಾಂ ಸಕ್ಕರೆ. ತೆಳ್ಳೇವಿಗೆ ಒಂದೇ ಚಮಚ ಹಾಕಿಕೊಳ್ಳುವವರು ಯಾರು? ಬಟ್ಟಲಲ್ಲಿ ಸುರಿದು ಅದ್ದಿ ತಿನ್ನುತ್ತೇವೆ, ಮೂರು ನಾಲ್ಕು ಚಮಚ ಹೋಗುತ್ತದೆ. 40–50 ಗ್ರಾಂ ಸಕ್ಕರೆ, ಅದರ ಕೆಳಗೆ ಅಕ್ಕಿಯ ತೆಳ್ಳೇವು. ಚಹಾದಲ್ಲಿ ಉಳಿಸಿದ್ದರ ಮೂರು ಪಟ್ಟು ಬೆಳಗಿನ ಆಸ್ರಿಯಲ್ಲೇ (ತಿಂಡಿಯಲ್ಲೇ) ವಾಪಸು ಬಂತು. ಕಬ್ಬಿಣಾಂಶ ಇದೆ ಎನ್ನುತ್ತಾರೆ, ಇದೆ, ಆದರೆ ಅದಕ್ಕಾಗಿ ಬೆಲ್ಲ ತಿನ್ನುವುದು ಬಾವಿ ತೋಡಿ ಒಂದು ಚೊಂಬು ನೀರು ಸೇದಿದ ಹಾಗೆ.

ಜೇನುತುಪ್ಪಕ್ಕೂ ಇದೇ ಲೆಕ್ಕ, 100 ಗ್ರಾಮಿಗೆ 80 ಗ್ರಾಂ ಮೇಲೆ ಸಕ್ಕರೆ. ಆಲೆಮನೆಯ ದಿನಗಳಲ್ಲಿ ಕಬ್ಬಿನ ಹಾಲು 200 ಮಿ.ಲೀ. ಲೋಟಕ್ಕೆ ಸುಮಾರು 30 ಗ್ರಾಂ, ಅದೂ ಒಂದೇ ಉಸಿರಿಗೆ ಒಳಗೆ. ತೊಡದೇವಿನಲ್ಲಿ ಅಕ್ಕಿಯೂ ಇದೆ, ಬೆಲ್ಲವೂ ಇದೆ, ಕಾಗದದಷ್ಟು ತೆಳುವಾದ್ದರಿಂದ ಎಷ್ಟು ಹೋಯಿತೆಂದು ತಿಳಿಯುವುದೇ ಇಲ್ಲ. ತಿನ್ನಲೇಬೇಕು ಎಂದಾದರೆ ಊಟದ ಕೊನೆಗೆ ಒಂದು, ಅಷ್ಟಕ್ಕೆ ಅನ್ನ ಕಡಿಮೆ. ಸಂಜೆ ಬರಿಹೊಟ್ಟೆಗೆ ತಟ್ಟೆ ಹಿಡಿದು ಕೂರುವುದು ಬೇಡ.

ಕಷಾಯದ ಪುಡಿಯಲ್ಲಿ ತಪ್ಪಿಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಮೆಂತೆ ಇಷ್ಟೇ. 100 ಮಿ.ಲೀ. ಹಾಲಿಗೆ 5 ಗ್ರಾಂ ಹಾಲಿನ ಸಕ್ಕರೆ, ಅದಕ್ಕೆ ಹೆದರಬೇಕಿಲ್ಲ. ಬೆಲ್ಲ ಮಾತ್ರ ತೆಗೆಯಿರಿ. ಮುರುಗಲು (ಕೋಕಂ) ಪಾನಕವೂ ಹಾಗೆ: ಬಾಟಲಿಯದ್ದು ಬಹುಪಾಲು ಸಕ್ಕರೆ ಪಾಕ. ಒಣ ಸಿಪ್ಪೆಯನ್ನು ನೆನೆಸಿ ಉಪ್ಪು, ಜೀರಿಗೆ ಹಾಕಿದರೆ ಏನೂ ಏರುವುದಿಲ್ಲ. ಅಪ್ಪೆಹುಳಿಗೆ ಚಿಟಿಕೆ ಬೆಲ್ಲ ಬೀಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಾಳಿತೀರ (ಕಾರವಾರ)

ಮನೆಯಲ್ಲಿ ಗ್ಲುಕೋಮೀಟರ್ ಇದೆಯೇ? ಇದ್ದರೆ ಮೇಲಿನವರ ಮಾತನ್ನು ನಂಬುವ ಬದಲು ಅಳೆದೇ ನೋಡಬಹುದು. ಊಟಕ್ಕೆ ಮುಂಚೆ ಒಂದು, ಎರಡು ತಾಸಿಗೆ ಒಂದು. ಎರಡು ತಾಸು ಎಂದರೆ ಮೊದಲ ತುತ್ತಿನಿಂದ, ಕೈ ತೊಳೆದ ಮೇಲಿನಿಂದ ಅಲ್ಲ. ಒಂದೇ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ, ಎರಡರ ನಡುವಿನ ಏರಿಕೆ ನೋಡಿ. 50ರ ಒಳಗಿದ್ದರೆ ಆ ಊಟ ನಿಮಗೆ ಸರಿ. ಎರಡು ತಾಸಿನ ಲೆಕ್ಕ 180 ದಾಟಬಾರದು. ಮೂರು ದಿನ ಒಂದೇ ಅಡುಗೆ ಇರಲಿ, ಅಕ್ಕಿಯ ತೂಕ ಮಾತ್ರ ಬದಲಾಗಲಿ.

ನಮ್ಮ ಕರಾವಳಿಯಲ್ಲಿ ಮೀಟರ್ ಸುಳ್ಳು ಹೇಳುವುದಕ್ಕೆ ಮೊದಲ ಕಾರಣ ತೇವ. ಸ್ಟ್ರಿಪ್ಪಿನ ತುದಿಯಲ್ಲಿರುವ ಕಿಣ್ವ ಗಾಳಿಯ ಪಸೆ ಹೀರಿ ಕೆಡುತ್ತದೆ. ಡಬ್ಬಿಯ ಮುಚ್ಚಳದಲ್ಲಿ ಪಸೆ ಹೀರುವ ಪದಾರ್ಥ ಇಟ್ಟಿರುವುದೇ ಅದಕ್ಕೆ. ಒಂದು ಸ್ಟ್ರಿಪ್ ತೆಗೆದ ಕೂಡಲೇ ಟಕ್ ಎಂದು ಮುಚ್ಚಿ, ಸ್ಟ್ರಿಪ್ಪನ್ನು ಬೇರೆ ಡಬ್ಬಿಗೆ ಹಾಕಬೇಡಿ, ಒಲೆಯ ಮೇಲಿನ ಅಟ್ಟದಲ್ಲೂ ಫ್ರಿಜ್ಜಿನಲ್ಲೂ ಇಡಬೇಡಿ. ಡಬ್ಬಿ ತೆರೆದ ದಿನಾಂಕ ಅದರ ಮೇಲೇ ಬರೆಯಿರಿ. ತೆರೆದ ಮೇಲೆ ಎಷ್ಟು ದಿನ ಎಂಬುದು ಲೇಬಲ್ಲಿನಲ್ಲಿರುತ್ತದೆ. ಮಳೆಗಾಲಕ್ಕೆ ದೊಡ್ಡ ಪ್ಯಾಕ್ ಅಗ್ಗವೆಂದು ತರುವುದಕ್ಕಿಂತ 25ರದ್ದು ಲೇಸು.

ಎರಡನೆಯದು ಕೈ. ಹಣ್ಣು ಸುಲಿದ ಬೆರಳಿಗೆ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಸೇರಿ ಅಳತೆಯಾಗುತ್ತದೆ, ಸಂಖ್ಯೆ ವಿಪರೀತ ಏರುತ್ತದೆ. ಸೋಪು ಹಾಕಿ ತೊಳೆದು ಪೂರ್ತಿ ಒರೆಸಿ, ಒದ್ದೆ ಕೈಯಾದರೆ ರಕ್ತ ತೆಳ್ಳಗಾಗಿ ಕಡಿಮೆ ತೋರಿಸುತ್ತದೆ. ಬೆರಳಿನ ಪಕ್ಕಕ್ಕೆ ಚುಚ್ಚಿ. ಹಿಂಡಿ ಹಿಂಡಿ ತೆಗೆಯಬೇಡಿ, ಕೈ ಕೆಳಗೆ ಬಿಟ್ಟು ಅರ್ಧ ನಿಮಿಷ ಕಾಯಿರಿ.

ಲ್ಯಾಬಿಗೂ ಮೀಟರಿಗೂ ಹೋಲಿಸುವುದಿದ್ದರೆ ಖಾಲಿಹೊಟ್ಟೆಯಲ್ಲೇ ಹೋಲಿಸಿ. ಊಟದ ನಂತರ ಬೆರಳಿನ ರಕ್ತ ಕೈನರದ ರಕ್ತಕ್ಕಿಂತ ಹೆಚ್ಚು ತೋರಿಸುವುದು ಸಹಜ. ಒಳ್ಳೆಯ ಮೀಟರಿಗೂ 100ರ ಮೇಲೆ ಶೇ. 15ರಷ್ಟು ಆಚೀಚೆ ಹೋಗಲು ಮಾನದಂಡವೇ ಅವಕಾಶ ಕೊಟ್ಟಿದೆ, ಹಾಗಾಗಿ 162, 170 ಎಂದು ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು. ಆಯಿಗೆ ರಕ್ತಹೀನತೆ ಇದೆಯೇ ನೋಡಿಸಿ. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ಬರಬಹುದು.

ಕಾನುಬೇರು (ಯಲ್ಲಾಪುರ)

ಏಕನಾಯಕನ ಬೇರಿನ ಕಷಾಯ ಯಾರೂ ಹೇಳಲಿಲ್ಲವಲ್ಲ. ಬೇರು ಜಜ್ಜಿ ಕುದಿಸಿ ದಿನಕ್ಕೆ ಎರಡು ಹೊತ್ತು ಕುಡಿದರೆ ಮಾತ್ರೆಯೇ ಬೇಡ.

ಮಾತ್ರೆಪೆಟ್ಟಿಗೆ (ಕುಮಟಾ)

ಆ ಬೇರಿನಲ್ಲಿ ಗುಣ ಇರುವುದು ನಿಜ. ಪಿಷ್ಟ ಒಡೆಯುವ ಕಿಣ್ವವನ್ನು ಕರುಳಿನಲ್ಲೇ ತಡೆಯುವ ಅಂಶ ಅದರಲ್ಲಿದೆ. ಅಕಾರ್ಬೋಸ್, ವೊಗ್ಲಿಬೋಸ್ ಮಾತ್ರೆಗಳ ಕೆಲಸವೂ ಅದೇ. ತೊಂದರೆ ಇರುವುದು ಅಳತೆಯಲ್ಲಿ: ಯಾವ ಬೇರಿನಲ್ಲಿ ಎಷ್ಟು, ಎಷ್ಟು ಕುದಿಸಿದರೆ ಎಷ್ಟು ಬಂತು ಎಂದು ಮನೆಯಲ್ಲಿ ತಿಳಿಯುವುದಿಲ್ಲ. ಒಡೆಯದ ಪಿಷ್ಟ ದೊಡ್ಡಕರುಳಿಗೆ ಇಳಿದರೆ ಹೊಟ್ಟೆ ಉಬ್ಬರ, ಭೇದಿ. ಗ್ಲಿಮಿಪಿರೈಡ್ ಮೇಲೆ ಇದನ್ನೂ ಕುಡಿದರೆ ಶುಗರ್ ತೀರಾ ಇಳಿಯಬಹುದು. ಆಗ ಸಕ್ಕರೆ ತಿನ್ನಿಸಿದರೂ ಬೇಗ ಏರುವುದಿಲ್ಲ, ಏಕೆಂದರೆ ಸಕ್ಕರೆ ಒಡೆಯುವ ಕಿಣ್ವವೂ ತಡೆಯಲ್ಲಿದೆ. ಗ್ಲೂಕೋಸ್ ಪುಡಿಯೇ ಬೇಕು. ಮಾತ್ರೆ ಬಿಟ್ಟು ಬೇರು ಹಿಡಿಯಿರಿ ಎನ್ನುವ ಸಲಹೆಗೆ ನನ್ನ ಪೂರ್ತಿ ವಿರೋಧ ಇದೆ.

ಗಜನಿಬದು ಅವರೇ, ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಜೋನಿಬೆಲ್ಲ ಅಲ್ಲ, ಏಕಾದಶಿ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ಅಪಾಯಕ್ಕೆ ಇಳಿಯುವುದು ಅಪರೂಪ. ಗ್ಲಿಮಿಪಿರೈಡ್ ಹಾಗಲ್ಲ. ಹೊಟ್ಟೆಗೆ ಊಟ ಬರಲಿ ಬಿಡಲಿ, ಅದು ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ, ಪರಿಣಾಮ ಇಡೀ ದಿನ ಇರುತ್ತದೆ. ಉಪವಾಸದ ದಿನ ಯಾವ ಮಾತ್ರೆ ತೆಗೆದುಕೊಳ್ಳಬೇಕು, ಯಾವುದು ಬಿಡಬೇಕು ಎಂದು ವೈದ್ಯರಿಂದ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಫಲಾಹಾರದ ಸಾಬೂದಾನಿ ಹಗುರವಲ್ಲ, ಅದು ಹೆಚ್ಚುಕಡಿಮೆ ಬರೀ ಪಿಷ್ಟ. ಬೆಳಿಗ್ಗೆ ಇಳಿದು ಸಂಜೆ ಜಿಗಿಯುವುದು ಅದರಿಂದ.

ಸಟ್ಟುಗ ಅವರು ಹೇಳಿದಂತೆ ಅನ್ನ ಕಡಿಮೆ ಮಾಡಿದಾಗಲೂ ಇದೇ ಎಚ್ಚರ ಬೇಕು. ಈಗಿನ ಮಾತ್ರೆಯ ಪ್ರಮಾಣ ದೊಡ್ಡ ಊಟಕ್ಕೆ ಹೊಂದಿಸಿದ್ದು. ಬೆವರು, ಕೈನಡುಕ, ಹಸಿವು, ಮಾತು ತಡವರಿಸುವುದು ಕಂಡರೆ ಅಳೆಯಿರಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಮೂರು ಸಣ್ಣ ಚಮಚ, ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ಅಳೆಯಿರಿ, ಏರದಿದ್ದರೆ ಇನ್ನೊಮ್ಮೆ. ಪೇಡೆ, ಚಾಕಲೇಟು ಬೇಡ, ಕೊಬ್ಬಿನಿಂದ ತಡವಾಗುತ್ತದೆ. ಏರಿದ ಮೇಲೆ ಏನಾದರೂ ಊಟ ಕೊಡಲೇಬೇಕು, ಗ್ಲಿಮಿಪಿರೈಡಿನ ಇಳಿತ ಒಮ್ಮೆ ಸರಿಯಾಗಿ ಮತ್ತೆ ಬರುತ್ತದೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಆರು ವರ್ಷ ಮೆಟ್‌ಫಾರ್ಮಿನ್, ಅದರ ಮೇಲೆ ಸಸ್ಯಾಹಾರ. ವಿಟಮಿನ್ ಬಿ12 ಒಮ್ಮೆ ಪರೀಕ್ಷಿಸಿ. ಕಾಲು ಜೋಮು ಹಿಡಿದರೆ ಎಲ್ಲವನ್ನೂ ಶುಗರಿನ ತಲೆಗೆ ಕಟ್ಟುವ ಹಾಗಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಬರಿಗಾಲಲ್ಲಿ ಇಳಿಯುವ ಅಭ್ಯಾಸವಿದ್ದರೆ ಬಿಡಿಸಿ, ರಾತ್ರಿ ಬೆರಳ ಸಂದಿ ಒರೆಸಿ ಬ್ಯಾಟರಿ ಹಿಡಿದು ನೋಡಿ.

ಬಂಗಡೆಸಾರು (ಅಂಕೋಲಾ)

ನಡುವೆ ಒಂದು ಪ್ರಶ್ನೆ. ಮೀನು ತಿನ್ನುವವರಿಗೆ ಏನು ಲೆಕ್ಕ?

ಸಟ್ಟುಗ (ಹೊನ್ನಾವರ)

ಬಂಗಡೆ, ತಾರ್ಲೆ, ಬೆಳಚು, ಶೆಟ್ಲಿ, ಯಾವುದರಲ್ಲೂ ಲೆಕ್ಕಕ್ಕೆ ಬರುವಷ್ಟು ಪಿಷ್ಟ ಇಲ್ಲ. ಶುಗರ್ ಏರಿಸುವುದು ಸಾರು ರುಚಿಯಾದಷ್ಟೂ ಹೆಚ್ಚಾಗುವ ಅನ್ನ. ಹುರಿಯುವಾಗ ರವೆ ದಪ್ಪಕ್ಕೆ ಮೆತ್ತಬೇಡಿ. ಕಾರವಾರದ ಕಡೆ ಪಾವಿನ ಜೊತೆ ತಿನ್ನುವವರು 40 ಗ್ರಾಂನ ಒಂದು ಪಾವಿಗೆ 20 ಗ್ರಾಂ ಪಿಷ್ಟ ಎಂದು ಹಿಡಿಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಆಗ ತಟ್ಟೆಗೆ ಬರುವುದು ಒಣಮೀನು. ಅದರಿಂದ ಶುಗರ್ ಏರುವುದಿಲ್ಲ, ಉಪ್ಪಿನಿಂದ ಬಿಪಿ ಏರುತ್ತದೆ. ಆ ಎರಡು ತಿಂಗಳು ಮೊಟ್ಟೆ, ಹೆಸರುಕಾಳು ಇಟ್ಟುಕೊಳ್ಳಿ.

ಗಜನಿಬದು (ಕುಮಟಾ)

ಹತ್ತು ದಿನ ಅಳೆದೆವು. 60 ಗ್ರಾಂ ಅಕ್ಕಿ, ಪಲ್ಯ ಮೊದಲು: ಊಟಕ್ಕೆ ಮುಂಚೆ 121, ನಂತರ 168. ಮರುದಿನ 126, 174. ಅದೇ ಅಡುಗೆಗೆ ಹಳೆಯ ಅಳತೆಯ ಅನ್ನ ಬಡಿಸಿದ ದಿನ 119ರಿಂದ 231. ತೂಗಿ ನೋಡಿದರೆ ಅದು 160 ಗ್ರಾಂ ಅಕ್ಕಿಯದ್ದು. ತೆಳ್ಳೇವು ಎರಡು, ಕಾಯಿಚಟ್ನಿ, ಜೋನಿ ಇಲ್ಲ: 115ರಿಂದ 157. ಹತ್ತೂವರೆಯ ಬಾಳೆಹಣ್ಣು ತಿಂದ ದಿನ ಮಧ್ಯಾಹ್ನದ ಊಟಕ್ಕೆ ಮೊದಲೇ 150ರ ಮೇಲೆ ಇರುತ್ತದೆ.

ನಿನ್ನೆ ಬಾಳೆಹಣ್ಣನ್ನೂ ಬಿಟ್ಟರು. ಹನ್ನೆರಡೂಕಾಲಿಗೆ ಬೆವರಿದರು, ಅಳೆದಾಗ 66. ಗ್ಲೂಕೋಸ್ ಕೊಟ್ಟು 15 ನಿಮಿಷಕ್ಕೆ 98, ಕೂಡಲೇ ಊಟ ಕೊಟ್ಟೆವು. ಬಾಳೆಹಣ್ಣನ್ನು ಮತ್ತೆ ಶುರು ಮಾಡುವುದೇ?

ಮಾತ್ರೆಪೆಟ್ಟಿಗೆ (ಕುಮಟಾ)

ವೈದ್ಯರನ್ನು ಕಾಣುವವರೆಗೆ ಶುರು ಮಾಡಿ, ಏಲಕ್ಕಿಬಾಳೆ ಸಣ್ಣದು ಒಂದು, 12 ಗ್ರಾಂ ಪಿಷ್ಟ. ಆದರೆ ಅದು ತಾತ್ಕಾಲಿಕ. ಮಾತ್ರೆಗೆ ಊಟ ಹೊಂದಿಸುತ್ತಾ ಹೋದರೆ ಮತ್ತೆ 160 ಗ್ರಾಂ ಅಕ್ಕಿಗೆ ಬಂದು ನಿಲ್ಲುತ್ತೀರಿ. ಊಟಕ್ಕೆ ಮಾತ್ರೆ ಹೊಂದಿಸಬೇಕು. ಈ ಹತ್ತು ದಿನದ ಪಟ್ಟಿಯನ್ನು, 66ರ ಸಾಲಿಗೆ ಗೆರೆ ಎಳೆದು, ನಾಳೆಯೇ ತೋರಿಸಿ. ಗ್ಲಿಮಿಪಿರೈಡ್ ಇಳಿಸುವುದೋ ಬೇರೆ ಮಾತ್ರೆಗೆ ಹೋಗುವುದೋ ಅವರು ನಿರ್ಧರಿಸಲಿ, ನೀವಾಗಿ ಮುರಿದು ಅರ್ಧ ಕೊಡಬೇಡಿ.

ಗಜನಿಬದು (ಕುಮಟಾ)

ತೋರಿಸಿದೆವು. ಗ್ಲಿಮಿಪಿರೈಡ್ ನಿಲ್ಲಿಸಿದ್ದಾರೆ, ಮೆಟ್‌ಫಾರ್ಮಿನ್ ಹಾಗೇ ಇದೆ, ಎರಡು ವಾರ ಅಳೆದು ಬರಲು ಹೇಳಿದ್ದಾರೆ. ಬಿ12ಕ್ಕೂ ಬರೆದುಕೊಟ್ಟರು. ಎಚ್‌ಬಿಎ1ಸಿ ಮುಂದಿನ ತಿಂಗಳೇ ಮಾಡಿಸಬಹುದೇ?

ಕಾಳಿತೀರ (ಕಾರವಾರ)

ಬೇಡ, ದುಡ್ಡು ದಂಡ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ, ಒಂದು ತಿಂಗಳಿಗೆ ಮಾಡಿಸಿದರೆ ಹಳೆಯ ಅನ್ನದ ಲೆಕ್ಕವೂ ಅದರಲ್ಲಿ ಬೆರೆತಿರುತ್ತದೆ. ಮೂರು ತಿಂಗಳಾದ ಮೇಲೆ ಮಾಡಿಸಿ, ಮೊದಲು ಮಾಡಿಸಿದ ಲ್ಯಾಬಿನಲ್ಲೇ. ಅಲ್ಲಿಯವರೆಗೆ ಸ್ಟ್ರಿಪ್ಪಿನ ಡಬ್ಬಿ ಮುಚ್ಚಿಡಿ, ಮಳೆ ಇನ್ನೂ ಇದೆ.